ಕಿವುಡ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದ ತೋಮಸ್ ಗ್ಯಾಲಡೆಟನ ಚರಿತ್ರೆ

ಬಂಟವಾಳದ ಹೊಳೆಯಾಚೆಯ ಗ್ರಾಮಗಳಲ್ಲಾಗಲಿ, ಬೆಳ್ತಂಗಡಿಯ ಕಾಡುಬದಿಯ ಮನೆಗಳಲ್ಲಾಗಲಿ, ಮೂಡಬಿದಿರೆಯ ಪೇಟೆಯ ಹಿಂಬದಿಯಲ್ಲಾಗಲಿ ಮನೆದರ್ಶನಕ್ಕೆ ಹೋಗುವ ಉಪದೇಶಿಗೆ ಒಮ್ಮೊಮ್ಮೆ ಒಂದು ನೋಟ ಕಾಣುವದುಂಟು. ಪ್ರಾರ್ಥನೆಗಾಗಿ ಮನೆಯವರೆಲ್ಲರೂ ಚಾಪೆಯ ಮೇಲೆ ಕೂಡುವಾಗ ಒಂದು ಮಗು ಮಾತ್ರ ಬಾಗಿಲ ಸಂದಿಯಲ್ಲಿ ನಿಂತು ಎಲ್ಲರ ತುಟಿಗಳನ್ನು ನೋಡುತ್ತಿರುವದು. ಮಕ್ಕಳೆಷ್ಟು ಎಂದು ವಿಚಾರಿಸಿದರೆ ತಾಯಿಯು ಉಳಿದವರನ್ನು ಹೆಸರು ಹಿಡಿದು ಎಣಿಸಿ, ಕಡೆಗೆ ಆ ಮಗುವಿನ ಕಡೆಗೆ ತಲೆಯಾಡಿಸಿ, ಅದು ಕೆಪ್ಪ, ಮಾತು ಬಾರದು ಎಂದು ಮುಗಿಸಿಬಿಡುವಳು. ದೀಕ್ಷಾಸ್ನಾನದಲ್ಲಿ ಕೊಟ್ಟ ಹೆಸರು ಸಭೆಯ ಪುಸ್ತಕದಲ್ಲಿ ಉಳಿದಿರುತ್ತದೆ. ಕೇರಿಯಲ್ಲಿ ಅದನ್ನು ಯಾರೂ ಕರೆಯುವದಿಲ್ಲ. ಕರೆದರೂ ಆ ಮಗುವಿಗೆ ಕೇಳಿಸುವದಿಲ್ಲವಲ್ಲಾ ಎಂಬದೇ ಎಲ್ಲರ ಉತ್ತರ.

ಮಾರ್ಕನು ಬರೆದ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ದೆಕಪೊಲಿಯ ಸೀಮೆಯ ಒಬ್ಬ ಕಿವುಡನ ವೃತ್ತಾಂತವಿದೆ. ನಮ್ಮ ಕರ್ತನು ಅವನನ್ನು ಗುಂಪಿನಿಂದ ಆಚೆಗೆ ಕರೆದುಕೊಂಡು ಹೋಗಿ, ಅವನ ಕಿವಿಗಳಲ್ಲಿ ಬೆರಳಿಟ್ಟು, ನಾಲಿಗೆಯನ್ನು ಮುಟ್ಟಿ, ಆಕಾಶದ ಕಡೆಗೆ ನೋಡಿದನು. ಕಿವಿ ಕೇಳದವನಿಗೆ ಏನು ನಡೆಯಲಿದೆ ಎಂಬದು ಕಣ್ಣಿಗೆ ತಿಳಿಯುವಂತೆ ಕರ್ತನು ಕೈಯಿಂದಲೂ ನೋಟದಿಂದಲೂ ತೋರಿಸಿದನೆಂಬದನ್ನು ನಾವು ಓದುತ್ತಾ ಓದುತ್ತಾ ದಾಟಿಬಿಡುತ್ತೇವೆ. ಹಾಗೆ ದಾಟದೆ ನಿಂತ ಒಬ್ಬ ಬೋಧಕನ ಚರಿತ್ರೆಯನ್ನು ಈ ತಿಂಗಳು ಬರೆಯುತ್ತೇನೆ.

ತೋಮಸ್ ಹಾಪ್ಕಿನ್ಸ್ ಗ್ಯಾಲಡೆಟನು 1787ನೆಯ ಇಸವಿ ದಶಂಬರ 10ನೆಯ ತಾರೀಕಿನಲ್ಲಿ ಅಮೇರಿಕದ ಫಿಲಡೆಲ್ಫಿಯ ಪಟ್ಟಣದಲ್ಲಿ ಹುಟ್ಟಿದನು. ತಂದೆಯ ಪೂರ್ವಿಕರು ಮತದ ನಿಮಿತ್ತ ಹಿಂಸೆಪಟ್ಟು ಫ್ರಾನ್ಸ್ ದೇಶವನ್ನು ಬಿಟ್ಟು ಬಂದ ಪ್ರೊಟೆಸ್ಟಂಟರು. ತೋಮಸನು ಬಾಲಕನಾಗಿರುವಾಗಲೇ ಕುಟುಂಬವು ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ಊರಿಗೆ ಬಂದು ನೆಲೆಸಿತು. ಬುದ್ಧಿ ಚುರುಕು, ದೇಹ ಬಹು ದುರ್ಬಲ. 14 ವರುಷದವನಾಗಿ ಯೇಲ್ ಎಂಬ ಪ್ರಸಿದ್ಧ ವಿದ್ಯಾಲಯವನ್ನು ಸೇರಿ, 1805ರಲ್ಲಿ, ತನ್ನ 17ನೆಯ ವಯಸ್ಸಿನಲ್ಲಿ, ಉನ್ನತ ಸ್ಥಾನದಲ್ಲಿ ತೇರ್ಗಡೆಯಾದನು.

ಇಷ್ಟು ಚಿಕ್ಕ ಪ್ರಾಯದಲ್ಲಿ ಇಷ್ಟು ಓದಿದವನು ಕೂಡಲೇ ಒಂದು ಕೆಲಸಕ್ಕೆ ಕೈಹಾಕಿ ಮೇಲಕ್ಕೆ ಬಂದಿರಬೇಕೆಂದು ನೀವು ನೆನಸಬಹುದು. ಹಾಗಾಗಲಿಲ್ಲ. ಮೊದಲು ವಕೀಲಿ ಕಲಿಯಲು ಹೋದನು; ದೇಹವು ತಡೆಯದೆ ಬಿಟ್ಟನು. ಯೇಲಿಗೆ ಹಿಂತಿರುಗಿ ಕೆಲವು ಕಾಲ ಪಾಠ ಹೇಳಿದನು. ತರುವಾಯ ವ್ಯಾಪಾರಕ್ಕಾಗಿ ಕುದುರೆಯ ಮೇಲೆ ಊರೂರು ತಿರುಗಿದನು. ಕೊನೆಗೆ ದೇವರ ಸೇವೆಗೆ ತನ್ನನ್ನು ಒಪ್ಪಿಸಿಕೊಂಡು ಆಂಡೋವರಿನ ದೈವಜ್ಞಾನಶಾಲೆಯಲ್ಲಿ ಓದಿ 1814ರಲ್ಲಿ ಹೊರಬಂದನು. ಸಭೆಗಳು ಆತನನ್ನು ಬೋಧಕನಾಗಿ ಬೇಡಿಕೊಂಡರೂ, ಆರೋಗ್ಯವಿಲ್ಲದ ಕಾರಣ ಯಾವದನ್ನೂ ಒಪ್ಪಿಕೊಳ್ಳಲಾರದೆ ತಂದೆಯ ಮನೆಗೆ ಹಿಂದಿರುಗಿದನು. ಸೆಮಿನೆರಿಯಲ್ಲಿ ಓದಿ ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿ ಕೂತವರ ವ್ಯಥೆ ನಮ್ಮಲ್ಲಿ ಕೆಲವರಿಗೆ ಗೊತ್ತು. ಆಗ ಆತನಿಗೆ 26 ವರುಷ.

ಆ ವರುಷದ ವಸಂತಕಾಲದಲ್ಲಿ ಮನೆಯ ಬಳಿ ಆತನ ಚಿಕ್ಕ ತಮ್ಮತಂಗಿಯರು ನೆರೆಯ ಮಕ್ಕಳ ಸಂಗಡ ಆಡುತ್ತಿದ್ದರು. ಆ ಗುಂಪಿನಲ್ಲಿ ಸುಮಾರು 9 ವರುಷದ ಒಬ್ಬ ಹುಡುಗಿ ಆಟಕ್ಕೆ ಸೇರಿಯೂ ಸೇರದಂತೆ ಇದ್ದಳು. ಅವಳ ಹೆಸರು ಆಲಿಸ್. ನೆರೆಮನೆಯ ವೈದ್ಯನಾದ ಮೇಸನ್ ಕಾಗ್ಸ್‌ವೆಲನ ಮಗಳು. ಎರಡು ವರುಷದವಳಾಗಿದ್ದಾಗ ಬಂದ ಒಂದು ಕಠಿಣವಾದ ಜ್ವರದಿಂದ ಕಿವಿ ಹೋಗಿತ್ತು. ಕಿವಿ ಹೋದ ಮೇಲೆ, ಆಡಲು ಕಲಿತಿದ್ದ ನಾಲ್ಕು ಮಾತುಗಳೂ ಹೋದವು. ಊರಿನ ಉತ್ತಮ ವೈದ್ಯನು ತನ್ನ ಸ್ವಂತ ಮಗಳಿಗೆ ಏನೂ ಮಾಡಲಾರದೆ ಇದ್ದನು.

ಗ್ಯಾಲಡೆಟನು ಹೋಗಿ ಅವಳ ಮುಂದೆ ಕೂತು, ತಲೆಯ ಮೇಲಿದ್ದ ಟೊಪ್ಪಿಯನ್ನು ತೆಗೆದು ತೋರಿಸಿ, ಒಂದು ಕಡ್ಡಿಯಿಂದ ನೆಲದ ಧೂಳಿನಲ್ಲಿ ಇಂಗ್ಲಿಷಿನಲ್ಲಿ ಟೊಪ್ಪಿ ಎಂಬ ಶಬ್ದದ ಮೂರು ಅಕ್ಷರಗಳನ್ನು ಬರೆದನು. ಬರೆದದ್ದನ್ನು ತೋರಿಸಿದನು, ಟೊಪ್ಪಿಯನ್ನು ತೋರಿಸಿದನು. ಅಳಿಸಿದನು, ಮತ್ತೆ ಬರೆದನು. ಆ ಗೆರೆಗಳು ಆ ವಸ್ತುವಿನ ಹೆಸರು ಎಂಬದು ಹುಡುಗಿಗೆ ಹೊಳೆದಾಗ ಅವಳು ಬಹು ಸಂತೋಷಪಟ್ಟಳೆಂದೂ, ತಾನೂ ಬರೆದು ತೋರಿಸಿದಳೆಂದೂ ಆತನ ಚರಿತ್ರೆಯನ್ನು ಬರೆದವರು ತಿಳಿಸುತ್ತಾರೆ. ಇಷ್ಟೇ ನಡೆದದ್ದು. ಮೂರಕ್ಷರ, ಒಂದು ಟೊಪ್ಪಿ. ಆದರೆ ಕೆಲಸವನ್ನು ಹುಡುಕುತ್ತಿದ್ದ ಆ ಯೌವನಸ್ಥನಿಗೆ ಕೆಲಸವು ಸಿಕ್ಕಿದ್ದು ಆ ಧೂಳಿನಲ್ಲಿಯೇ.

ಇದರಲ್ಲಿ ಅಷ್ಟು ದೊಡ್ಡದೇನು ಎಂದು ಕೇಳುವವರು ಇರಬಹುದು. ನಮ್ಮ ಸೀಮೆಯವರಿಗೆ ಇದನ್ನು ತಿಳಿಯಹೇಳುವದು ಕಷ್ಟವಲ್ಲ. ನಮ್ಮ ಮಕ್ಕಳು ಮನೆಯಲ್ಲಿ ತುಳು ಆಡುತ್ತಾ ಬೆಳೆದು ಶಾಲೆಯಲ್ಲಿ ಕನ್ನಡವನ್ನು ಕಲಿಯುತ್ತಾರೆ. ಗುರುಗಳು ಹಲಗೆಯ ಮೇಲೆ ಹಸು ಎಂದು ಬರೆದರೆ, ಓಹೋ, ಇದು ನಮ್ಮ ಹಟ್ಟಿಯ ಪೆತ್ತವೇ ಎಂದು ಮಗು ತಿಳಿದುಕೊಳ್ಳುವದು. ಒಂದು ಮಾತು ಒಳಗೆ ಇರುವದರಿಂದಲೇ ಎರಡನೆಯ ಮಾತು ಬಂದು ಅಂಟಿಕೊಳ್ಳುತ್ತದೆ. ಹುಟ್ಟಿನಿಂದ ಕಿವುಡಾದ ಮಗುವಿನ ಒಳಗೆ ಪೆತ್ತ ಎಂಬ ಮಾತೂ ಇಲ್ಲ, ಹಸು ಎಂಬ ಮಾತೂ ಇಲ್ಲ. ಹಸುವನ್ನು ಅದು ನೋಡಿದೆ, ಹಾಲನ್ನು ಕುಡಿದಿದೆ, ಆದರೆ ಲೋಕದ ವಸ್ತುಗಳಿಗೆ ಹೆಸರುಗಳಿವೆ ಎಂಬದನ್ನೇ ಯಾರೂ ಅದಕ್ಕೆ ತಿಳಿಸಿಲ್ಲ. ಅಂಥ ಮಗುವನ್ನು ಏಳನೆಯ ವರುಷದಲ್ಲಿ ಶಾಲೆಗೆ ಕಳುಹಿಸಿ, ಏನೂ ಕಲಿಯುವದಿಲ್ಲ, ಬುದ್ಧಿಯಿಲ್ಲ ಅನ್ನುವದು ನ್ಯಾಯವೋ? ಬುದ್ಧಿಯು ಇತ್ತು, ಭಾಷೆಯು ಬರಲಿಲ್ಲ. ಮೂಗರೆಂದು ನಾವು ಕರೆಯುವವರಲ್ಲಿ ಬಹುಮಂದಿಗೆ ನಾಲಿಗೆಯಲ್ಲಿ ಯಾವ ದೋಷವೂ ಇರುವದಿಲ್ಲ. ಕೇಳದ ಮಾತನ್ನು ಯಾರು ಆಡಬಲ್ಲರು?

ಆಲಿಸಳ ತಂದೆಯು ಇದಕ್ಕೆ ಮೊದಲೇ ಒಂದು ವಿವೇಕದ ಕೆಲಸವನ್ನು ಮಾಡಿದ್ದನು. ತನ್ನ ಮಗಳಂಥವರು ಎಷ್ಟು ಮಂದಿ ಇರುವರೆಂದು ತಿಳಿಯಬೇಕೆಂದು ಕನೆಕ್ಟಿಕಟಿನ ಸಭಾಬೋಧಕರ ಸಹಾಯವನ್ನು ಬೇಡಿದನು. ಅವರು 1812ರ ಸುಮಾರಿಗೆ ತಮ್ಮ ತಮ್ಮ ಗ್ರಾಮಗಳಲ್ಲಿ ವಿಚಾರಿಸಿ ಲೆಕ್ಕವನ್ನು ಕಳುಹಿಸಿದರು. ಆ ಒಂದೇ ಚಿಕ್ಕ ಸಂಸ್ಥಾನದಲ್ಲಿ 84 ಮಂದಿ ಕಿವುಡರು ಇದ್ದರು. ಅದುವರೆಗೆ ಪ್ರತಿಯೊಂದು ಮನೆಯವರೂ ಇದು ನಮ್ಮ ಮನೆಗೆ ಮಾತ್ರ ಬಂದ ಕಷ್ಟವೆಂದು ನೆನಸಿದ್ದರು. ಅವರಿಗಾಗಿ ಆ ದೇಶದಲ್ಲಿ ಒಂದು ಶಾಲೆಯೂ ಇರಲಿಲ್ಲ. ಅಲ್ಲಿಯ ಧನಿಕರು ಮಕ್ಕಳನ್ನು ಸಮುದ್ರದಾಚೆಗೆ ಕಳುಹಿಸುತ್ತಿದ್ದರು. ಬಡವರು ಮನೆಯಲ್ಲಿಯೇ ಇಟ್ಟುಕೊಳ್ಳುತ್ತಿದ್ದರು. ಆಲಿಸಳು ಲಿಡಿಯ ಹಂಟ್ಲಿ ಎಂಬ ಕನ್ನಿಕೆಯು ಹಾರ್ಟ್‌ಫರ್ಡಿನಲ್ಲಿ ನಡಿಸುತ್ತಿದ್ದ ಹುಡುಗಿಯರ ಸಣ್ಣ ಶಾಲೆಗೆ ಹೋಗುತ್ತಿದ್ದಳು. ಅಲ್ಲಿ ಉಳಿದ ಹುಡುಗಿಯರು ಇವಳ ಕೈಸನ್ನೆಗಳನ್ನು ಕಲಿತುಕೊಂಡರು. ಮಕ್ಕಳು ಇದನ್ನು ಬೇಗ ಕಲಿಯುತ್ತಾರೆ, ನಾಚಿಕೆಯು ದೊಡ್ಡವರಿಗೇ.

1815ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಕಾಗ್ಸ್‌ವೆಲನ ಮನೆಯಲ್ಲಿ ಊರಿನ ಕೆಲವರು ಕೂಡಿ, ಈ ವಿದ್ಯೆಯನ್ನು ಕಲಿತು ಬರುವದಕ್ಕಾಗಿ ಗ್ಯಾಲಡೆಟನನ್ನು ಯೂರೋಪಿಗೆ ಕಳುಹಿಸುವದೆಂದು ನಿಶ್ಚಯಿಸಿ ಹಣವನ್ನು ಕೂಡಿಸಿದರು. ಆತನು ಬಹಳ ಅನುಮಾನಿಸಿದನು, ಪ್ರಾರ್ಥಿಸಿದನು, ಕಡೆಗೆ ಒಪ್ಪಿಕೊಂಡು ಮೇ ತಿಂಗಳಲ್ಲಿ ಹಡಗು ಹತ್ತಿದನು.

ಇಂಗ್ಲೆಂಡಿನಲ್ಲಿ ಆತನಿಗೆ ಆದ ಅನುಭವವು ಕಹಿಯಾದದ್ದು. ಅಲ್ಲಿಯೂ ಸ್ಕಾಟ್ಲೆಂಡಿನಲ್ಲಿಯೂ ಕಿವುಡರಿಗೆ ಪಾಠ ಹೇಳುವ ವಿದ್ಯೆಯು ಬ್ರೇಡ್‌ವುಡ್ ಎಂಬ ಒಂದು ಕುಟುಂಬದವರ ಕೈಯಲ್ಲಿತ್ತು. ಅವರು ತಮ್ಮ ಕ್ರಮವನ್ನು ಅಕ್ಕಸಾಲಿಗನು ತನ್ನ ಬೆಸುಗೆಯ ಗುಟ್ಟನ್ನು ಕಾಯುವಂತೆ ಕಾಯುತ್ತಿದ್ದರು. ಕಲಿಯಬೇಕಾದರೆ ಮೂರು ವರುಷ ತಮ್ಮ ಶಾಲೆಯಲ್ಲಿ ಸಹಾಯಕನಾಗಿ ದುಡಿಯಬೇಕು, ಕಲಿತದ್ದನ್ನು ಬೇರೆಯವರಿಗೆ ತಿಳಿಸಬಾರದು ಎಂಬ ಷರತ್ತುಗಳನ್ನು ಮುಂದಿಟ್ಟರು. ಎಡಿನ್‌ಬರೋದ ಶಾಲೆಯ ಗುರುವು ಒಳ್ಳೆಯ ಮನುಷ್ಯನಾಗಿದ್ದರೂ ಅದೇ ಕುಟುಂಬಕ್ಕೆ ಕರಾರು ಬರೆದು ಕೊಟ್ಟು ಬಾಯಿ ಕಟ್ಟಿಸಿಕೊಂಡಿದ್ದನು. ಆ ಕುಟುಂಬದವರಿಗೆ ಅದು ಹೊಟ್ಟೆಯ ಪಾಡು, ನಾನು ಅವರನ್ನು ಕೇವಲ ದುಷ್ಟರೆಂದು ಹೇಳುವದಿಲ್ಲ. ಆದರೆ ಪುಕ್ಕಟೆಯಾಗಿ ಹೊಂದಿದ್ದನ್ನು ಪುಕ್ಕಟೆಯಾಗಿ ಕೊಡಬೇಕೆಂದು ಕಲಿತವನು ಅಂಥ ಕರಾರಿಗೆ ರುಜು ಹಾಕುವದು ಹೇಗೆ? ಗ್ಯಾಲಡೆಟನು ಹಾಕಲಿಲ್ಲ. ತಿಂಗಳುಗಳು ಹೋದವು, ಕೊಟ್ಟು ಕಳುಹಿಸಿದ ಹಣವೂ ಕರಗುತ್ತಾ ಬಂತು.

ಲಂಡನಿನಲ್ಲಿದ್ದಾಗಲೇ ಆತನು ಫ್ರಾನ್ಸಿನ ಸಿಕಾರ್ ಎಂಬ ಪಾದ್ರಿಯನ್ನು ಕಂಡಿದ್ದನು. ಪಾರಿಸ್ ಪಟ್ಟಣದಲ್ಲಿ ಲೆಪೇ ಎಂಬ ರೋಮನ್ ಕಥೋಲಿಕ ಗುರುವು, ಬಡ ಮನೆಯ ಇಬ್ಬರು ಕಿವುಡಿಯರಾದ ಅಕ್ಕತಂಗಿಯರನ್ನು ಕಂಡು ಮರುಗಿ, 18ನೆಯ ಶತಮಾನದಲ್ಲಿ ಒಂದು ಶಾಲೆಯನ್ನು ಆರಂಭಿಸಿದ್ದನು. ಕಿವುಡರು ತಮ್ಮೊಳಗೆ ಆಡಿಕೊಳ್ಳುವ ಕೈಸನ್ನೆಗಳನ್ನು ಮೊದಲು ತಾನು ಕಲಿತು, ಅದರ ಮೂಲಕ ಅವರಿಗೆ ಓದುಬರಹವನ್ನೂ ದೇವರ ಜ್ಞಾನವನ್ನೂ ಕಲಿಸುವದು ಆತನ ಕ್ರಮ. ಗುಟ್ಟು ಯಾವದೂ ಇರಲಿಲ್ಲ, ಬಂದವರಿಗೆಲ್ಲಾ ತೋರಿಸುತ್ತಿದ್ದನು. ಆತನ ತರುವಾಯ ಸಿಕಾರನು ಆ ಶಾಲೆಯ ಮುಖ್ಯಸ್ಥನಾಗಿ, ತನ್ನ ಇಬ್ಬರು ಕಿವುಡ ಶಿಷ್ಯರ ಸಂಗಡ ಲಂಡನಿಗೆ ಬಂದು ಸಭೆಗಳಲ್ಲಿ ಅವರ ವಿದ್ಯೆಯನ್ನು ತೋರಿಸುತ್ತಿದ್ದನು. ಕೂಡಿದವರು ಕೇಳಿದ ಕಠಿಣ ಪ್ರಶ್ನೆಗಳಿಗೆ ಆ ಶಿಷ್ಯರು ಹಲಗೆಯ ಮೇಲೆ ಉತ್ತರ ಬರೆಯುವದನ್ನು ಗ್ಯಾಲಡೆಟನು ನೋಡಿದನು. ಸಿಕಾರನು ಆತನನ್ನು ಪಾರಿಸಿಗೆ ಕರೆದನು. ರೋಮಿನ ಸಭೆಯ ವಿಷಯದಲ್ಲಿ ಆ ಕಾಲದ ಪ್ರೊಟೆಸ್ಟಂಟರ ಮನಸ್ಸು ಹೇಗಿತ್ತೆಂಬದು ನಿಮಗೆ ಗೊತ್ತೇ ಇದೆ. ಅವರ ಪೈಕಿ ದೇಶಬಿಟ್ಟು ಬಂದವರ ಸಂತಾನದವನಿಗೆ ಇನ್ನೂ ಹೆಚ್ಚಾಗಿ. ಆದರೂ ಆತನು 1816ರಲ್ಲಿ ಪಾರಿಸಿಗೆ ಹೋಗಿ, ಒಬ್ಬ ಕಥೋಲಿಕ ಗುರುವಿನ ಶಾಲೆಯಲ್ಲಿ ಮಕ್ಕಳ ಸಾಲಿನ ಬಳಿ ಕೂತು ಕೈಸನ್ನೆಯ ಮೊದಲ ಪಾಠವನ್ನು ಕಲಿಯತೊಡಗಿದನು.

ಆತನಿಗೆ ಅಲ್ಲಿ ಕಲಿಸಿದವರಲ್ಲಿ ಲೊರಾಂ ಕ್ಲೆರ್ ಎಂಬವನು ಒಬ್ಬನು. ಲಂಡನಿಗೆ ಬಂದಿದ್ದ ಇಬ್ಬರು ಶಿಷ್ಯರಲ್ಲಿ ಇವನೂ ಒಬ್ಬನು. 1785ರಲ್ಲಿ ಲಿಯೋನ್ ಪಟ್ಟಣದ ಬಳಿಯ ಒಂದು ಗ್ರಾಮದಲ್ಲಿ ಹುಟ್ಟಿದವನು. ಶಿಶುವಾಗಿದ್ದಾಗ ಒಲೆಯ ಬೆಂಕಿಗೆ ಬಿದ್ದು ಬಲಗೆನ್ನೆ ಸುಟ್ಟು ಕಲೆಯಾಗಿತ್ತು. ಎರಡು ಬೆರಳುಗಳಿಂದ ಕೆನ್ನೆಯನ್ನು ಸವರುವದೇ ಕಿವುಡರಲ್ಲಿ ಅವನ ಹೆಸರಾಯಿತು. 12 ವರುಷದವರೆಗೆ ಹಳ್ಳಿಯಲ್ಲಿ ದನಕರುಗಳನ್ನು ಮೇಯಿಸಿಕೊಂಡು ಇದ್ದ ಈ ಹುಡುಗನು, ಪಾರಿಸಿನ ಶಾಲೆಗೆ ಸೇರಿ, ಅಲ್ಲಿಯೇ ಉತ್ತಮ ಗುರುವಾದನು. ಹಣ ಮುಗಿದು ಬೇಗನೆ ಹಿಂತಿರುಗಬೇಕಾಗಿ ಬಂದ ಗ್ಯಾಲಡೆಟನು ಇವನನ್ನು ಅಮೇರಿಕಕ್ಕೆ ಬರಬೇಕೆಂದು ಬೇಡಿಕೊಂಡನು. ಸಿಕಾರನಿಗೆ ಮನಸ್ಸಿರಲಿಲ್ಲ, ತಾಯಿಯು ತಡೆದಳು, ಕ್ಲೆರನು ಬಂದನು. ಅವನ ಕಥೋಲಿಕ ಮತಕ್ಕೆ ವಿರೋಧವಾದ ಯಾವದನ್ನೂ ಅವನಿಂದ ಕಲಿಸಬಾರದೆಂದು ಕರಾರಿನಲ್ಲಿ ಬರೆದು ಗ್ಯಾಲಡೆಟನು ಒಪ್ಪಿಕೊಂಡನು.

1816ನೆಯ ಜೂನ್ 18ರಂದು ಹಡಗು ಹೊರಟಿತು. ಆಗಸ್ಟ್ 9ರಂದು ನ್ಯೂಯಾರ್ಕನ್ನು ಸೇರಿತು. ಆ 52 ದಿವಸಗಳಲ್ಲಿ ಬೋಧಕನು ಕಿವುಡನಿಂದ ಸನ್ನೆಯನ್ನು ಕಲಿತನು, ಕಿವುಡನು ಬೋಧಕನಿಂದ ಇಂಗ್ಲಿಷನ್ನು ಕಲಿತನು. ಇದನ್ನು ಓದುವಾಗ ನನಗೆ ನಮ್ಮ ಸಭೆಗಳ ಆರಂಭವೇ ನೆನಪಿಗೆ ಬರುತ್ತದೆ. 1834ರಲ್ಲಿ ಬಾಸೆಲ್ ಮಿಶನಿನ ಸೇವಕರು ಮಂಗಳೂರಿಗೆ ಬಂದಾಗ, ಊರಿನವರು ಜರ್ಮನ್ ಭಾಷೆಯನ್ನು ಕಲಿತ ಮೇಲೆ ಸುವಾರ್ತೆಯನ್ನು ಹೇಳುವೆವೆಂದು ಕಾದು ಕೂತಿರಲಿಲ್ಲ. ಅವರೇ ತುಳುವನ್ನು ಕಲಿತರು, 1847ರಲ್ಲಿ ತುಳು ಹೊಸ ಒಡಂಬಡಿಕೆಯನ್ನು ಅಚ್ಚುಹಾಕಿಸಿದರು. ನಮ್ಮ ಹಿರಿಯರು ನಂಬಿದ್ದು ತಮ್ಮ ಮನೆಯ ಮಾತಿನಲ್ಲಿ ಕೇಳಿದ್ದರಿಂದ. ನಮ್ಮ ಮನೆಯ ಕಿವುಡ ಮಗುವಾದರೋ ನಮ್ಮ ಮಾತನ್ನು ಆಡಲಿ ಎಂದು ನಾವು ಕಾಯುತ್ತಾ ಇರುತ್ತೇವೆ.

ಬಂದ ಮೇಲೆ ಇಬ್ಬರೂ ಊರೂರು ಸುತ್ತಿ ಸುಮಾರು 12,000 ಡಾಲರು ಧರ್ಮದ ಹಣವನ್ನು ಕೂಡಿಸಿದರು. ಕನೆಕ್ಟಿಕಟಿನ ಸರಕಾರವು 5,000 ಡಾಲರು ಕೊಟ್ಟಿತು. ಜನರು ಹಣ ಕೊಟ್ಟದ್ದು ಗ್ಯಾಲಡೆಟನ ಪ್ರಸಂಗಗಳಿಂದ ಮಾತ್ರವಲ್ಲ, ಕಿವುಡನಾದ ಕ್ಲೆರನು ಹಲಗೆಯ ಮೇಲೆ ತಮ್ಮ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ನೋಡಿ. 1817ನೆಯ ಇಸವಿ ಏಪ್ರಿಲ್ 15ರಂದು ಹಾರ್ಟ್‌ಫರ್ಡಿನಲ್ಲಿ ಶಾಲೆಯು ತೆರೆಯಲ್ಪಟ್ಟಿತು. ಮೊದಲನೆಯ ದಿವಸ 7 ಮಂದಿ ವಿದ್ಯಾರ್ಥಿಗಳು. ಆಲಿಸಳು ಅವರಲ್ಲಿ ಒಬ್ಬಳು. ಇನ್ನೊಬ್ಬನು ಜಾನ್ ಬ್ರೂಸ್ಟರ್ ಎಂಬ ಚಿತ್ರಗಾರನು; ಊರೂರು ತಿರುಗಿ ಜನರ ಮುಖಚಿತ್ರಗಳನ್ನು ಬರೆದು ಜೀವಿಸುತ್ತಿದ್ದ ಅವನಿಗೆ ಆಗ ಸುಮಾರು 50 ವರುಷ. ಅರ್ಧಾಯುಷ್ಯ ಕಳೆದ ಮೇಲೆ ಮಕ್ಕಳ ಸಂಗಡ ಬೆಂಚಿನಲ್ಲಿ ಕೂತನು!

ಆ ಶಾಲೆಯಲ್ಲಿ ಗ್ಯಾಲಡೆಟನು ಪ್ರತಿದಿನ ಕೈಸನ್ನೆಯಿಂದಲೇ ಪ್ರಾರ್ಥನೆಯನ್ನು ನಡಿಸಿ ವೇದಪಾಠವನ್ನು ವಿವರಿಸುತ್ತಿದ್ದನು. ಮಕ್ಕಳಿಗೆ ಓದುಬರಹ, ಲೆಕ್ಕ, ಮತ್ತು ಹೊಟ್ಟೆಗೆ ದಾರಿಯಾಗುವಂತೆ ಮರಗೆಲಸ, ಜೋಡು ಹೊಲಿಯುವದು ಮೊದಲಾದ ಕಸಬುಗಳೂ ಕಲಿಸಲ್ಪಟ್ಟವು. ಬಡ ಮನೆಗಳ ಮಕ್ಕಳ ವೆಚ್ಚವನ್ನು ನೆರೆಯ ಸಂಸ್ಥಾನಗಳ ಸರಕಾರಗಳು ಕೊಡಲಾರಂಭಿಸಿದವು. 1819ರಲ್ಲಿ ದೇಶದ ಮಹಾಸಭೆಯು ಶಾಲೆಗೆ ಭೂಮಿಯನ್ನು ದಾನ ಮಾಡಿತು. ಇವೆಲ್ಲಕ್ಕಿಂತ ಮಕ್ಕಳಿಗೆ ಹೆಚ್ಚು ಬಲ ಕೊಟ್ಟದ್ದು ಕ್ಲೆರನು ಎಂದು ನನಗೆ ತೋರುತ್ತದೆ. ತಾನು ದೊಡ್ಡವನಾದರೆ ಏನಾಗುವೆನೆಂದು ತಿಳಿಯದಿದ್ದ ಕಿವುಡ ಹುಡುಗನು, ತನ್ನಂತೆಯೇ ಕಿವುಡನಾದ ಒಬ್ಬನು ಒಳ್ಳೇ ಅಂಗಿ ತೊಟ್ಟು, ಗುರುವಿನ ಸ್ಥಾನದಲ್ಲಿ ನಿಂತು, ಕಿವಿಯುಳ್ಳವರಿಂದ ವಂದನೆ ಹೊಂದುವದನ್ನು ದಿನಾಲೂ ಕಣ್ಣಾರೆ ಕಂಡನು.

ಆ ಶಾಲೆಗೆ ಮಾರ್ಥಾಸ್ ವಿನ್ಯರ್ಡ್ ಎಂಬ ದ್ವೀಪದಿಂದಲೂ ಮಕ್ಕಳು ಬಂದರು. ಆ ದ್ವೀಪದಲ್ಲಿ ಹತ್ತಿರದ ಸಂಬಂಧಗಳಲ್ಲಿಯೇ ಮದುವೆಗಳು ನಡೆಯುತ್ತಿದ್ದ ಕಾರಣ ಕಿವುಡರು ಬಹಳ ಮಂದಿ ಇದ್ದರು. ಅಲ್ಲಿಯ ಮೀನುಗಾರರೂ ಒಕ್ಕಲಿಗರೂ, ಕಿವಿಯುಳ್ಳವರೂ ಇಲ್ಲದವರೂ, ಎಲ್ಲರೂ ಸನ್ನೆಯಿಂದ ಮಾತಾಡಿಕೊಳ್ಳುತ್ತಿದ್ದರು. ಅದರಿಂದ ಅಲ್ಲಿ ಕಿವುಡನೆಂದರೆ ಒಬ್ಬ ನೆರೆಯವನು, ಅಷ್ಟೇ. ನಮ್ಮ ಕಡೆಯಲ್ಲಿಯೂ ರಕ್ತಸಂಬಂಧದ ಮದುವೆಗಳಿಂದ ಹುಟ್ಟುಕಿವುಡು ಹೆಚ್ಚುವದೆಂದು ವೈದ್ಯರು ಎಚ್ಚರಿಸುತ್ತಾರೆ. ಮದುವೆಯ ಮಾತು ನಡಿಸುವ ಹಿರಿಯರು ಇದನ್ನು ಕಿವಿಗೆ ಹಾಕಿಕೊಳ್ಳಬೇಕು.

ಮೊದಲನೆಯ ವರುಷದಲ್ಲಿಯೇ ಶಾಲೆಗೆ ಬಂದವರಲ್ಲಿ ಸೋಫಿಯ ಫೌಲರ್ ಎಂಬ 19 ವರುಷದ ಕನ್ನಿಕೆಯು ಇದ್ದಳು. ಹುಟ್ಟಿನಿಂದ ಕಿವುಡಿ, ಒಕ್ಕಲಿಗನ ಮಗಳು. ಅದುವರೆಗೆ ಅಕ್ಷರವನ್ನು ಕಲಿತವಳಲ್ಲ. ಆಕೆಯು ಕಲಿತ ವಿಧವನ್ನೂ ಆಕೆಯ ಗುಣವನ್ನೂ ನೋಡಿದ ಗ್ಯಾಲಡೆಟನು 1821ರಲ್ಲಿ ಆಕೆಯನ್ನು ಮದುವೆಯಾದನು. ಕಿವುಡ ಹೆಣ್ಣಿಗೆ ಮದುವೆಯೆಲ್ಲಿ ಎಂದು ನಿಟ್ಟುಸಿರು ಬಿಡುವ ತಾಯಂದಿರು ಇದನ್ನು ಗಮನಿಸಲಿ: ದೈವಜ್ಞಾನಶಾಲೆಯಲ್ಲಿ ಓದಿದ ಬೋಧಕನ ಮನೆಯನ್ನು ಆಕೆಯು ನಡಿಸಿದಳು, 8 ಮಕ್ಕಳನ್ನು ಸಾಕಿ ಬೆಳಿಸಿದಳು, ಮುಪ್ಪಿನಲ್ಲಿ ವಾಷಿಂಗ್ಟನಿನ ಕಿವುಡರ ಶಾಲೆಯಲ್ಲಿ ಮಕ್ಕಳೆಲ್ಲರಿಗೂ ತಾಯಿಯಂತೆ ಮೇಲ್ವಿಚಾರಣೆ ನಡಿಸಿದಳು. ದೇಶದ ಮಂತ್ರಿಗಳೂ ಸಭಾಸದಸ್ಯರೂ ಆಕೆಯನ್ನು ಕಂಡು ಮಾತಾಡುತ್ತಿದ್ದರು.

1830ರಲ್ಲಿ ಗ್ಯಾಲಡೆಟನು ಶಾಲೆಯ ಮುಖ್ಯಸ್ಥಾನವನ್ನು ಬಿಟ್ಟನು. ದೇಹವು ಸೋತಿತ್ತು, ಆಡಳಿತದವರ ಸಂಗಡ ಮನಸ್ತಾಪಗಳೂ ಇದ್ದವು. ಒಳ್ಳೇ ಕೆಲಸದಲ್ಲಿಯೂ ಇವು ಇರುತ್ತವೆ, ಮುಚ್ಚಿಡುವದರಿಂದ ಪ್ರಯೋಜನವಿಲ್ಲ. ಅದೇ ವರುಷದ ದಶಂಬರದಲ್ಲಿ ವೈದ್ಯ ಕಾಗ್ಸ್‌ವೆಲನು ತೀರಿಕೊಂಡನು. ತಂದೆಯ ಮರಣದ ದುಃಖವನ್ನು ತಾಳಲಾರದೆ ಆಲಿಸಳು ಎರಡು ವಾರಗಳೊಳಗೆ, ತನ್ನ 25ನೆಯ ವಯಸ್ಸಿನಲ್ಲಿ, ತಂದೆಯನ್ನು ಹಿಂಬಾಲಿಸಿದಳು. ಧೂಳಿನಲ್ಲಿ ಮೂರಕ್ಷರ ಓದಿದ ಹುಡುಗಿಯು ಅಷ್ಟರೊಳಗೆ ಶಾಲೆಯ ಪಾಠವನ್ನೆಲ್ಲಾ ಮುಗಿಸಿ, ತಂದೆಗೆ ತನ್ನ ಕೈಯಿಂದಲೇ ಪತ್ರ ಬರೆಯಬಲ್ಲವಳಾಗಿದ್ದಳು.

ತರುವಾಯದ ವರುಷಗಳಲ್ಲಿ ಗ್ಯಾಲಡೆಟನು ಮಕ್ಕಳಿಗಾಗಿ ಪುಸ್ತಕಗಳನ್ನು ಬರೆದನು. ಆತ್ಮದ ವಿಷಯವಾಗಿ ಮಕ್ಕಳಿಗೆ ತಿಳಿಯಹೇಳುವ ಒಂದು ಪುಸ್ತಕವನ್ನು ಮಿಶನರಿಗಳು ಅನೇಕ ಭಾಷೆಗಳಿಗೆ ತಿರುಗಿಸಿಕೊಂಡರು. 1838ರಿಂದ ಹಾರ್ಟ್‌ಫರ್ಡಿನ ಮನೋರೋಗಿಗಳ ಆಸ್ಪತ್ರೆಯಲ್ಲಿ ಬೋಧಕನಾಗಿ, ಜನರು ಸಮೀಪಕ್ಕೆ ಬಾರದ ಇನ್ನೊಂದು ಗುಂಪಿನವರ ಬಳಿಯಲ್ಲಿ, ಕೊನೆಯ ವರೆಗೂ ಸೇವೆ ಮಾಡಿದನು. 1851ರ ಸೆಪ್ಟಂಬರಿನಲ್ಲಿ, 63 ವರುಷ ಪ್ರಾಯದವನಾಗಿ, ಕರ್ತನಲ್ಲಿ ನಿದ್ರೆಹೋದನು.

ಆತನ ಹಿರಿಯ ಮಗನಾದ ತೋಮಸನು ಸಭಾಬೋಧಕನಾಗಿ, 1852ರಲ್ಲಿ ನ್ಯೂಯಾರ್ಕಿನಲ್ಲಿ ಕಿವುಡರಿಗಾಗಿ ಸಂತ ಅನ್ನಳ ಹೆಸರಿನ ಸಭೆಯನ್ನು ಸ್ಥಾಪಿಸಿದನು. ಅಲ್ಲಿ ಆರಾಧನೆಯು ಕೈಸನ್ನೆಯಲ್ಲಿ ನಡೆಯುತ್ತಿತ್ತು. ಕಿರಿಯ ಮಗನಾದ ಎಡ್ವರ್ಡನು 20 ವರುಷದವನಾಗಿ ವಾಷಿಂಗ್ಟನಿನ ಶಾಲೆಯನ್ನು ವಹಿಸಿಕೊಂಡನು. 1864ರಲ್ಲಿ ಅಧ್ಯಕ್ಷ ಲಿಂಕನನು ಅದಕ್ಕೆ ಪದವಿಗಳನ್ನು ಕೊಡುವ ಅಧಿಕಾರಕ್ಕೆ ರುಜು ಹಾಕಿದನು. ಅದು ಇಂದು ಗ್ಯಾಲಡೆಟನ ಹೆಸರಿನ ವಿಶ್ವವಿದ್ಯಾಲಯವಾಗಿದೆ. ಆದರೂ ಅಲ್ಲಿ ಒಬ್ಬ ಕಿವುಡನು ಮುಖ್ಯಸ್ಥನಾಗುವದಕ್ಕೆ, ವಿದ್ಯಾರ್ಥಿಗಳು ಬಾಗಿಲು ಹಾಕಿ ಹಟ ಹಿಡಿದ 1988ನೆಯ ಇಸವಿಯವರೆಗೂ ಕಾಯಬೇಕಾಯಿತು.

ಇದರ ನಡುವೆ ಒಂದು ದೊಡ್ಡ ವಿರೋಧವೂ ಹುಟ್ಟಿತು. 1880ರಲ್ಲಿ ಇಟಲಿಯ ಮಿಲಾನ್ ಪಟ್ಟಣದಲ್ಲಿ ಕಿವುಡರ ಗುರುಗಳು ಕೂಡಿ, ಇನ್ನು ಮುಂದೆ ಶಾಲೆಗಳಲ್ಲಿ ಬಾಯಿಮಾತನ್ನೇ ಕಲಿಸತಕ್ಕದ್ದು, ಕೈಸನ್ನೆಯನ್ನು ಬಿಡತಕ್ಕದ್ದು ಎಂದು ನಿರ್ಣಯಿಸಿದರು. ಕೂಡಿದ ನೂರಾರು ಮಂದಿಯಲ್ಲಿ ಕಿವುಡನು ಒಬ್ಬನೇ. ಎಡ್ವರ್ಡನೂ ಬೇರೆ ಕೆಲವರೂ ಮಾತ್ರ ವಿರೋಧಿಸಿದರು. ಅದರ ತರುವಾಯ ಬಹು ದೇಶಗಳಲ್ಲಿ ಮಕ್ಕಳ ಕೈಗಳಿಗೆ ಪೆಟ್ಟು ಬಿದ್ದವು. 2010ರಲ್ಲಿ ಅಂಥದೇ ಸಭೆಯು ಕೆನಡದ ವಾಂಕೂವರಿನಲ್ಲಿ ಕೂಡಿದಾಗ ಆ ಹಳೆಯ ನಿರ್ಣಯಕ್ಕಾಗಿ ವಿಷಾದವನ್ನು ತಿಳಿಸಿತು. ಬಾಯಿಮಾತು ಬೇಡವೆಂದು ನಾನು ಹೇಳುವದಿಲ್ಲ. ಬರುವ ಮಗುವಿಗೆ ಅದು ದೊಡ್ಡ ಭಾಗ್ಯ. ಆದರೆ ಅದು ಬರುವ ತನಕ ಮಗುವನ್ನು ಭಾಷೆಯಿಲ್ಲದೆ ಇಡುವದು, ಅನ್ನ ಬೇಯುವ ತನಕ ಹಾಲನ್ನೂ ಕೊಡದಿರುವದಕ್ಕೆ ಸಮಾನ.

ಈ ಬೆಳಕು ನಮ್ಮ ದೇಶಕ್ಕೂ ಬಂತು. ಕಲ್ಕತ್ತೆಯಲ್ಲಿ 1893ರಲ್ಲಿ ಕಿವುಡರ ಶಾಲೆ ಆರಂಭವಾದಾಗ ಅದರ ಗುರುಗಳಲ್ಲಿ ಒಬ್ಬರಾದ ಜಾಮಿನಿನಾಥ ಬಾನರ್ಜಿಯವರು ವಾಷಿಂಗ್ಟನಿನ ಆ ವಿದ್ಯಾಲಯಕ್ಕೇ ಹೋಗಿ ಕಲಿತು ಬಂದರು. ಮೈಸೂರಿನಲ್ಲಿ 1901ರಲ್ಲಿ ಕಿವುಡರಿಗೂ ಕುರುಡರಿಗೂ ಶಾಲೆಯಾಯಿತು. ಅದೇ ಮೈಸೂರಿನಲ್ಲಿ 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಆರಂಭವಾಯಿತು. ಅಲ್ಲಿಯ ಶಿಶುಶಾಲೆಯಲ್ಲಿ ತಾಯಂದಿರೂ ಮಕ್ಕಳ ಸಂಗಡ ಕೂತು ಕಲಿಯುತ್ತಾರೆ. ಭಾರತದ ಕಿವುಡರ ಕೈಸನ್ನೆಯ ಭಾಷೆಗಾಗಿ 2015ರಲ್ಲಿ ದೆಹಲಿಯಲ್ಲಿ ಸರಕಾರದ ಒಂದು ಸಂಸ್ಥೆಯಾಯಿತು. ಕಿವುಡ ಮಕ್ಕಳಿಗೆ ತಕ್ಕ ಭಾಷೆಯಲ್ಲಿಯೂ ತಕ್ಕ ಕ್ರಮದಲ್ಲಿಯೂ ವಿದ್ಯೆಯನ್ನು ಕೊಡತಕ್ಕದ್ದೆಂದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ವಿಧಿಸುತ್ತದೆ.

ಗ್ಯಾಲಡೆಟನ ಕಾಲದಲ್ಲಿ ಮಗು ಕಿವುಡೆಂದು ತಿಳಿಯಲು ವರುಷಗಳು ಬೇಕಾಗುತ್ತಿದ್ದವು. ಇಂದು ಶಿಶುವು ನಿದ್ರಿಸುವಾಗಲೇ ಕಿವಿಯಲ್ಲಿ ಒಂದು ಸಣ್ಣ ಉಪಕರಣವನ್ನಿಟ್ಟು ಕೆಲವು ನಿಮಿಷಗಳಲ್ಲಿ ಪರೀಕ್ಷಿಸಬಹುದು. ಒಂದು ತಿಂಗಳೊಳಗೆ ಪರೀಕ್ಷೆ, 3 ತಿಂಗಳೊಳಗೆ ನಿಶ್ಚಯ, 6 ತಿಂಗಳೊಳಗೆ ಸಹಾಯ, ಇದು ವೈದ್ಯರು ಇಟ್ಟಿರುವ ಗಡುವು. ನಮ್ಮವರು ಮಾಡುವ ಪರೀಕ್ಷೆ ಬೇರೆ. ಚೆಂಡೆಯ ಸದ್ದಿಗೆ ಮಗು ತಿರುಗಿತು, ಬಾಗಿಲು ಬಡಿದಾಗ ಬೆಚ್ಚಿತು, ಆದಕಾರಣ ಕಿವಿ ಕೇಳುತ್ತದೆ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಚೆಂಡೆಯ ಸದ್ದು ಎದೆಗೂ ನೆಲಕ್ಕೂ ತಟ್ಟುವದು. ಅದನ್ನು ಕಿವುಡನೂ ಅರಿಯುವನು. ಬೆನ್ನ ಹಿಂದಿನಿಂದ ಮೆಲ್ಲನೆ ಹೆಸರು ಕರೆದು ನೋಡಿರಿ. ಸಂಶಯ ತೋರಿದರೆ ಮುಂದಿನ ವರುಷಕ್ಕೆ ಇಡದೆ ತಾಲೂಕು ಆಸ್ಪತ್ರೆಗೋ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೋ ಹೋಗಿರಿ. ಕೀವು ಸೋರುವ ಕಿವಿಗೆ ಬಿಸಿ ಎಣ್ಣೆಯನ್ನು ಹೊಯ್ಯಬೇಡಿರಿ.

ಶ್ರವಣಯಂತ್ರವನ್ನು ಕೊಡಿಸಿದರೆ ದಿನಾಲೂ ಹಾಕಿಸಬೇಕು. ಕಪಾಟಿನಲ್ಲಿಟ್ಟು ಹಬ್ಬಕ್ಕೆ ತೆಗೆಯುವ ವಸ್ತುವಲ್ಲ. ಯಂತ್ರವು ಎಲ್ಲಾ ಸದ್ದನ್ನೂ ದೊಡ್ಡದು ಮಾಡುವದರಿಂದ, ಆಷಾಢದ ಮಳೆಯು ಶೀಟಿನ ಮಾಡಿನ ಮೇಲೆ ಸುರಿಯುವಾಗ ಆ ಮಗುವಿಗೆ ಗುರುಗಳ ಮಾತು ಪೂರಾ ಮುಳುಗಿಹೋಗುವದು. ಆಗ ಹಲಗೆಯ ಮೇಲೆ ಬರೆದು ತೋರಿಸಬೇಕು. ಅಂಥ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂಡಿಸಿ, ಗುರುಗಳು ಬೆಳಕಿಗೆ ಮುಖಮಾಡಿ ನಿಂತು ಮಾತಾಡಿದರೆ ಅದಕ್ಕೆ ಅರ್ಧ ಪಾಠವು ತುಟಿಯಿಂದ ಸಿಕ್ಕುವದು. ಕಿವಿಯೊಳಗೆ ಶಸ್ತ್ರಕ್ರಿಯೆಯಿಂದ ಕೂರಿಸುವ ಕಾಕ್ಲಿಯರ್ ಉಪಕರಣಕ್ಕೆ ಬಡ ಮಕ್ಕಳಿಗೆ ಸರಕಾರದ ನೆರವೂ ಉಂಟು. ಆದರೆ ಅದನ್ನು ಮೊದಲ ಕೆಲವು ವರುಷಗಳಲ್ಲಿಯೇ ಮಾಡಿಸಬೇಕು, ಮಾಡಿಸಿದ ಮೇಲೆ ಬಹು ಕಾಲದ ಅಭ್ಯಾಸವೂ ಬೇಕು. ಇವೆಲ್ಲಾ ನಡೆಯುತ್ತಿರುವಾಗಲೂ ಮಗುವಿನ ಸಂಗಡ ಕೈಯಿಂದ ಮಾತಾಡುವದಕ್ಕೆ ದುಡ್ಡು ಬೇಡ. ಬೀಡಿ ಕಟ್ಟುತ್ತಾ ಕೂತ ತಾಯಿಯು ಎಲೆಯನ್ನೂ ಕತ್ತರಿಯನ್ನೂ ನೂಲನ್ನೂ ತೋರಿಸಿ ಒಂದೊಂದಕ್ಕೆ ಒಂದೊಂದು ಸನ್ನೆಯನ್ನು ಇಡಬಹುದು. ಆದಿತ್ಯವಾರದ ಶಾಲೆಯ ಮಕ್ಕಳೆಲ್ಲರೂ ಆ ಸನ್ನೆಗಳನ್ನು ಕಲಿತುಕೊಳ್ಳಬಹುದು. ಲಿಡಿಯಳ ಶಾಲೆಯ ಹುಡುಗಿಯರು 200 ವರುಷಗಳ ಹಿಂದೆ ಕಲಿತದ್ದು ಇದನ್ನೇ.

ವಾಷಿಂಗ್ಟನಿನ ವಿಶ್ವವಿದ್ಯಾಲಯದ ಅಂಗಳದಲ್ಲಿ ಒಂದು ವಿಗ್ರಹವಿದೆ. ಲಿಂಕನನ ಪ್ರಸಿದ್ಧವಾದ ಪ್ರತಿಮೆಯನ್ನು ಮುಂದೆ ಮಾಡಿದ ಶಿಲ್ಪಿ ಡೇನಿಯಲ್ ಫ್ರೆಂಚನೇ ಇದನ್ನೂ ಮಾಡಿದನು, 1889ರಲ್ಲಿ ನಿಲ್ಲಿಸಲ್ಪಟ್ಟಿತು. ಗ್ಯಾಲಡೆಟನು ಕುರ್ಚಿಯಲ್ಲಿ ಕೂತಿದ್ದಾನೆ. ಆಲಿಸಳು ಪಕ್ಕದಲ್ಲಿ ನಿಂತು ಆತನ ಮುಖವನ್ನು ನೋಡುತ್ತಾ, ಆತನು ಕೈಯಲ್ಲಿ ತೋರಿಸುವ ಮೊದಲನೆಯ ಅಕ್ಷರವನ್ನು ತನ್ನ ಕೈಯಲ್ಲಿ ಮಾಡುತ್ತಿದ್ದಾಳೆ. ಅದಕ್ಕೆ ಬೇಕಾದ ಹಣವನ್ನು ಅಮೇರಿಕದ ಕಿವುಡರೇ, ಊರೂರುಗಳಿಂದ, ತಮ್ಮ ದುಡಿಮೆಯಿಂದ ಕೂಡಿಸಿ ಕೊಟ್ಟರು.